ಬ್ಲೂಮಾ ಟೀಚರ್ ಏನೂ ಹೇಳಲಿಲ್ಲ

ಹಲ್ಲುನೋವಿನಿಂದ ಶುರು ಮಾಡೋಣ ಎಂದುಕೊಂಡೆ. ಆಮೇಲೆ ಬೇಡವೆನ್ನಿಸಿತು. ಯಾರಿಗೂ ಹಲ್ಲುನೋವಿಲ್ಲದ ಕಥೆಯನ್ನು ಹಲ್ಲುನೋವಿನಿಂದ ಶುರು ಮಾಡಿದರೆ ನೀವು ಮುಂದಿನ ಪುಟದಲ್ಲೇ ನನ್ನ ಕೊರಳಪಟ್ಟಿ ಹಿಡಿಯುತ್ತೀರಿ. ಫೋನಿನಿಂದ ಶುರು ಮಾಡಬಹುದಿತ್ತು. ಆದರೆ ಫೋನು ಬಂದ ಮೇಲೆ ಈ ಕಥೆಯಲ್ಲಿ ಒಳ್ಳೆಯದೇನೂ ನಡೆಯುವುದಿಲ್ಲ, ಅದನ್ನು ಎಷ್ಟು ತಡಮಾಡಿದರೆ ಅಷ್ಟು ಪುಣ್ಯ. ಮೆಟ್ಟಿಲಿನಿಂದ ಶುರು ಮಾಡುತ್ತೇನೆ. ಮೆಟ್ಟಿಲು ಯಾರಿಗೂ ಕೇಡು ಮಾಡಿಲ್ಲ.

೧

ಇಸ್ರೇಲಿನಲ್ಲಿ ಮಡಿವಂತ ಯಹೂದಿಗಳ ಊರು ಬ್ನೇ ಬ್ರಾಕ್. ಅಲ್ಲಿನ ಆ ಕಟ್ಟಡದ ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ಅದರ ಕೆಳಗೆ ಬ್ಲೂಮಾ. ಬ್ಲೂಮಾ ಫ್ಯಾಮಿಲಿ ಥೆರಪಿಸ್ಟ್. ಒಂದು ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿಕೊಂಡು ಅವರ ಸಂಸಾರದ ಗಂಟು ಬಿಡಿಸುವುದು ಅವಳ ಕೆಲಸ. ಬಾಗಿಲಿಗೆ ಬೋರ್ಡಿಲ್ಲ. ಬೋರ್ಡಿರುವುದು ಡಾಕ್ಟರಿಗೆ ಮಾತ್ರ, ಅದೂ ಬೀದಿಗೆ ಕಾಣುವ ಹಾಗೆ ದೊಡ್ಡದಾಗಿ. ಬ್ಲೂಮಾಳ ಹತ್ತಿರ ಬರುವವರು ಆ ಬೋರ್ಡಿನ ಕೃಪೆಯಲ್ಲಿ ಮೆಟ್ಟಿಲೇರುತ್ತಾರೆ. ಮನೆಯಲ್ಲಿ ಮನಸ್ಸು ಕೆಟ್ಟವರೊಬ್ಬರಿದ್ದಾರೆ ಎಂದು ಊರಿಗೆ ಗೊತ್ತಾದರೆ ಆ ಮನೆಯ ಹೆಣ್ಣಿಗೆ ಗಂಡು ಸಿಗುವುದಿಲ್ಲ. ಹಲ್ಲು ಕೆಟ್ಟರೆ ಯಾರ ಮದುವೆಯೂ ನಿಲ್ಲುವುದಿಲ್ಲ.

ಗಿಟೆಲ್ ವೈಸ್‌ಫಿಶ್ ಆ ಮೆಟ್ಟಿಲು ಹತ್ತುವಾಗ ಕೆನ್ನೆಗೆ ಕೈ ಒತ್ತಿಕೊಂಡು ಹತ್ತುತ್ತಿದ್ದಳು. ಇಳಿಯುವಾಗಲೂ ಹಾಗೇ.

“ಗಿಟೆಲ್, ಹೋದ ವಾರ ಎಡಗಡೆ ಹಿಡ್ಕೊಂಡಿದ್ರಿ,” ಎಂದಳು ಒಮ್ಮೆ ಬ್ಲೂಮಾ.

“ಆ ಕಡೇದು ವಾಸಿ ಆಯ್ತು ಟೀಚರ್.”

ಟೀಚರ್ ಎನ್ನುವುದು ಹಳೆಯ ಅಭ್ಯಾಸ. ಈ ಕೆಲಸಕ್ಕೆ ಬರುವ ಮೊದಲು ಬ್ಲೂಮಾ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಊರಿನ ಅರ್ಧ ಮದುವಣಗಿತ್ತಿಯರು ಅವಳೆದುರಿನ ಬೆಂಚಿನಿಂದ ಎದ್ದು ಹೋದವರು. ಗಿಟೆಲಳ ಮಗಳು ಪೆರ್ಲ್ ಕೂಡ.

(ಇಷ್ಟು ಹೊತ್ತಿಗೆ ನಿಮಗೆ ಪೆರ್ಲಳ ಮದುವೆಯ ಕಥೆ ಎಂದು ವಾಸನೆ ಬಡಿದಿರಬೇಕು. ಬಡಿಯಲಿ. ನಾನೇನೂ ಪತ್ತೇದಾರಿ ಬರೆಯುತ್ತಿಲ್ಲ.)

೨

ಕೆಟ್ಟದ್ದು ಶುರುವಾದದ್ದು ಒಳ್ಳೆಯದರ ವೇಷದಲ್ಲಿ. ಗಿಟೆಲಳ ಹಿರಿಯ ಮಗ ಆಶೆರ್ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲತೊಡಗಿದ. ಉಳಿದವರು ಮುಗಿಸಿ, ಹೊದೆದ ಶಾಲು ಮಡಚಿಟ್ಟು, ಮನೆಗೆ ಹೋಗಿ ಕಾಫಿ ಕುಡಿದರೂ ಅವನು ಪ್ರಾರ್ಥನೆಯ ಮೊದಲ ಸಾಲಿನಲ್ಲೇ ಇರುತ್ತಿದ್ದ. ಪಕ್ಕದ ಮನೆಯವರು ಗಿಟೆಲಳಿಗೆ, “ನಿಮ್ಮ ಹೊಟ್ಟೆ ತಣ್ಣಗಿರಲಿ, ಎಂಥಾ ಮಗನ್ನ ಹೆತ್ತಿದ್ದೀರಿ,” ಎಂದರು. ಗಿಟೆಲ್ ಹಿಗ್ಗಿ ಗಸಗಸೆ ಕೇಕು ಮಾಡಿ ಹಂಚಿದಳು. ಆಮೇಲೆ ಆ ಕೇಕನ್ನು ಅವಳು ಮತ್ತೆ ಮಾಡಿಲ್ಲ.

ಆಶೆರ್ ದೇವರ ಹತ್ತಿರ ಮಾತಾಡುತ್ತಿರಲಿಲ್ಲ. ಮೊದಲ ಸಾಲನ್ನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಅದನ್ನೇ ಹೇಳುತ್ತಿದ್ದ, ಮತ್ತೆ ಹೇಳುತ್ತಿದ್ದ, ತುಟಿ ಬಿರಿದು ರಕ್ತ ಬರುವವರೆಗೆ ಹೇಳುತ್ತಿದ್ದ. ಆಮೇಲೆ ಊಟದ ಮುಂಚಿನ ಮಂತ್ರವೂ ಮುಗಿಯದಾಯಿತು. ಮಂತ್ರ ಮುಗಿಯದೆ ಊಟವಿಲ್ಲ. ಹುಡುಗ ಸೊರಗಿ ಕಡ್ಡಿಯಾಗಿ ಹಿಂದಿನ ಕೋಣೆ ಸೇರಿದ. ಕೇಳಿದವರಿಗೆಲ್ಲ ಅಪ್ಪ ರೆಬ್ ಝಲ್ಮನ್ (ರೆಬ್ ಎಂದರೆ ನಮ್ಮ ‘ರಾಯರು’ ಇದ್ದ ಹಾಗೆ), “ಹೈಫಾ ಕಡೆ ಓದೋಕೆ ಹಾಕಿದ್ದೀವಿ,” ಎಂದ.

ಮೊದಲು ಅವನನ್ನು ಕರೆದುಕೊಂಡು ಹೋದದ್ದು ಟೆಲ್ ಅವೀವಿನ ಒಬ್ಬ ಡಾಕ್ಟರ ಹತ್ತಿರ. ಒಳ್ಳೆಯ ಮನುಷ್ಯ. “ಒಂದು ವಾರ ಪ್ರಾರ್ಥನೆ ಬಿಟ್ಟು ನೋಡಪ್ಪ,” ಎಂದ. ಮೀನಿಗೆ ಒಂದು ವಾರ ನೀರು ಬಿಟ್ಟು ನೋಡು ಎಂದ ಹಾಗಾಯಿತು. ಆಶೆರ್ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ.

ಬ್ಲೂಮಾ ಬೇರೆ ದಾರಿ ಹಿಡಿದಳು. ಅವರ ಮನೆತನದ ಗುರು, ರಬ್ಬಿಯ ಹತ್ತಿರ ತಾನೇ ಹೋಗಿ, ಬಾಗಿಲ ಹೊರಗೆ ಕಾದು, ವಿಷಯ ತಿಳಿಸಿದಳು. ರಬ್ಬಿ ಹುಡುಗನನ್ನು ಕರೆಸಿ ಅಪ್ಪಣೆ ಕೊಟ್ಟರು: ಪ್ರತಿ ಸಾಲನ್ನೂ ಒಂದೇ ಸಲ ಹೇಳಬೇಕು, ಎರಡನೇ ಸಲ ಹೇಳಿದರೆ ಅದೇ ತಪ್ಪು. “ಮೊದಲನೇದು ಸರಿಯಾಗಿಲ್ಲದಿದ್ರೆ ಅದರ ಪಾಪ ನನ್ನ ತಲೆಗಿರಲಿ. ನಾನು ಮುದುಕ, ಇನ್ನೊಂದು ಪಾಪ ಹೊರಬಲ್ಲೆ,” ಎಂದರು. ಆಮೇಲೆ ಬ್ಲೂಮಾ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿಕೊಟ್ಟಳು: ಅವನು ತಡವರಿಸಿದಾಗ ಅಮ್ಮ ಉಸಿರು ಬಿಗಿಹಿಡಿಯಬಾರದು, ಅಪ್ಪ ಗಡಿಯಾರ ನೋಡಬಾರದು, ಪೆರ್ಲ್ ಎದ್ದು ಹೋಗಬಾರದು. ತಿಂಗಳುಗಟ್ಟಲೆ ಇದೇ ಪಾಠ. ಆಶೆರ್ ಒಬ್ಬನೇ ಬಂದ ದಿನ ಬಾಗಿಲು ಅರ್ಧ ತೆರೆದಿರಬೇಕು, ಪರಪುರುಷನ ಜೊತೆ ಮುಚ್ಚಿದ ಕೋಣೆಯಲ್ಲಿ ಕೂರುವ ಹಾಗಿಲ್ಲ. ಮಾತು ಹೊರಗೆ ಕೇಳದಿರಲೆಂದು ಹೊರಕೋಣೆಯಲ್ಲಿ ರೇಡಿಯೋ ಹಾಕಿರುತ್ತಿದ್ದಳು.

ಒಂದು ಶುಕ್ರವಾರ ಸಂಜೆ ಆಶೆರ್ ಹಿಂದಿನ ಕೋಣೆಯಿಂದ ಎದ್ದು ಬಂದು ಮೇಜಿಗೆ ಕುಳಿತ. ದ್ರಾಕ್ಷಾರಸದ ಬಟ್ಟಲು ಕೈಗೆತ್ತಿಕೊಂಡು ಮಂತ್ರವನ್ನು ಒಂದೇ ಸಲ ಹೇಳಿ, ಕುಡಿದು, ಬಟ್ಟಲು ಕೆಳಗಿಟ್ಟ. ಝಲ್ಮನ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಪೆರ್ಲ್ ಅಣ್ಣನ ತಟ್ಟೆಗೆ ಎರಡು ತುಂಡು ಮೀನು ಬಡಿಸಿ, “ತಿನ್ನು, ತಣ್ಣಗಾಗುತ್ತೆ,” ಎಂದಳು.

(ಇಲ್ಲಿಗೆ ನಿಲ್ಲಿಸಿದ್ದರೆ ಕಮ್ಮಟಗಳಲ್ಲಿ ಓದಲು ಲಾಯಕ್ಕಾದ ಕಥೆಯಾಗುತ್ತಿತ್ತು. ಯಾರಾದರೂ ಎದ್ದು ನಿಂತು ‘ಭರವಸೆ’ ಎಂಬ ಪದ ಬಳಸುತ್ತಿದ್ದರು. ಮೊದಲ ಕರಡು ಇಲ್ಲಿಗೇ ನಿಂತಿತ್ತು, ಹರಿದು ಹಾಕಿದೆ.)

೩

ಆಯಿತು, ಫೋನು ಬರಲಿ.

ಪೆರ್ಲಳಿಗೆ ಗಂಡು ಗೊತ್ತಾಗುವ ಹಾಗಿತ್ತು. ಹುಡುಗ ಹುಡುಗಿ ಹೋಟೆಲಿನ ಲಾಬಿಯಲ್ಲಿ ಎದುರೆದುರು ಕೂತು, ನಡುವೆ ಸೋಡಾ ಇಟ್ಟುಕೊಂಡು, ಕೆಲವು ಸಲ ಮಾತಾಡಿದ್ದರು. ಹುಡುಗ ನಕ್ಕಿದ್ದ. ಪೆರ್ಲ್ ಮನೆಗೆ ಬಂದು ಪಾತ್ರೆ ತೊಳೆಯುತ್ತ ಹಾಡಿದ್ದಳು. ಈಗ ಉಳಿದದ್ದು ವಿಚಾರಣೆ. ಈ ಊರಿನಲ್ಲಿ ಸಂಬಂಧ ಗಟ್ಟಿಯಾಗುವ ಮುಂಚೆ ಹುಡುಗನ ಮನೆಯವರು ನೆರೆಹೊರೆ, ಟೀಚರು, ಅಂಗಡಿಯವರು ಎಲ್ಲರಿಗೂ ಫೋನು ಮಾಡುತ್ತಾರೆ. ಹುಡುಗನ ತಾಯಿ ಟೋಯ್ಬಾ ಬ್ಲೂಮಾಳಿಗೂ ಮಾಡಿದಳು. ಬ್ಲೂಮಾ ಪೆರ್ಲಳ ಮನೆಯವರಿಗೆ ಥೆರಪಿ ಕೊಡುತ್ತಿದ್ದಾಳೆಂದು ಅವಳಿಗೇನು ಗೊತ್ತು? ಪೆರ್ಲಳ ಟೀಚರೆಂದು ಮಾಡಿದಳು.

“ಎಲ್ಲ ಕಡೆ ವಿಚಾರಿಸಿಬಿಟ್ಟೆ ಟೀಚರ್. ಕಸ ಹಾಕೋಕೆ ಹೋಗುವಾಗ ಹುಡುಗಿ ಅಮ್ಮ ಮನೆ ಚಪ್ಪಲಿಯಲ್ಲೇ ಹೋಗ್ತಾರಾ ಅಂತಾನೂ ಕೇಳಿದೆ.”

“ಹೋಗ್ತಾರಾ?”

“ಇಲ್ಲ, ಬೂಟು ಹಾಕ್ಕೊಂಡು ಹೋಗ್ತಾರೆ. ಮರ್ಯಾದಸ್ಥರು. ಈಗ ನೀವೊಂದು ಮಾತು ಹೇಳಿಬಿಟ್ರೆ ನನಗೆ ನೆಮ್ಮದಿ. ಮನೆ ಹೇಗೆ?”

ಬ್ಲೂಮಾ ಒಂದು ಕ್ಷಣ ಸುಮ್ಮನಾದಳು.

“ಈ ಮನೆ ಬಗ್ಗೆ ನಾನೇನೂ ಹೇಳೋ ಹಾಗಿಲ್ಲ ಟೋಯ್ಬಾ.”

“ಓ,” ಎಂದಳು ಟೋಯ್ಬಾ. ಆಮೇಲೆ ದನಿ ತಗ್ಗಿಸಿ, “ದೇವರು ನಿಮಗೆ ಒಳ್ಳೇದು ಮಾಡ್ಲಿ. ನೀವೇನೂ ಹೇಳ್ಲಿಲ್ಲ, ನಾನೇನೂ ಕೇಳ್ಲಿಲ್ಲ,” ಎಂದು ಫೋನಿಟ್ಟಳು.

೪

“ಆ ಒಂದು ಕ್ಷಣ ಯಾಕೆ ಬರೆದ್ರಿ?”

ಕೇಳುತ್ತಿರುವುದು ಬ್ಲೂಮಾ, ನನ್ನನ್ನು.

“ಕಥೆಯಲ್ಲಿ ಫೋನು ಬಂದಾಗ ಯಾರಾದರೂ ಒಂದು ಕ್ಷಣ ಸುಮ್ಮನಾಗಲೇಬೇಕು ಟೀಚರ್. ನಾವು ಬರೆಯೋರು ಹಾಗೇ ಕಲಿತಿರೋದು.”

“ನಿಮ್ಮ ಕಲಿಕೆಗಿಷ್ಟು ಬೆಂಕಿ ಹಾಕ. ನಿಮ್ಮ ಕಡೆ ಆ ಕ್ಷಣಕ್ಕೆ ಓದುಗರು ‘ಆಹಾ’ ಅಂತಾರೆ. ನಮ್ಮ ಕಡೆ ಆ ಕ್ಷಣಕ್ಕೆ ಒಂದು ಹುಡುಗಿ ಮನೇಲೇ ಉಳೀತಾಳೆ. ಅಳಿಸಿ.”

ಅಳಿಸಿದೆ. ಇನ್ನೆರಡು ಕರಡು ಮಾಡಿದೆವು, ಇಬ್ಬರೂ ಕೂತು.

ಕರಡು ಒಂದು. ‘ಮನೆ ಹೇಗೆ?’ ಎಂದು ಟೋಯ್ಬಾ ಬಾಯಿ ಮುಚ್ಚುವ ಮೊದಲೇ ಬ್ಲೂಮಾ, “ವಜ್ರ, ಟೋಯ್ಬಾ, ಅಪ್ಪಟ ವಜ್ರ,” ಎನ್ನುತ್ತಾಳೆ. ಮದುವೆಯಾಗುತ್ತದೆ. ಮದುವೆಯ ವಾರದಲ್ಲೇ ಟೋಯ್ಬಾ ಬೀಗರ ಮನೆಯ ಹಿಂದಿನ ಕೋಣೆಯ ಬಾಗಿಲು ತಳ್ಳುತ್ತಾಳೆ.

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ನಮ್ಮಲ್ಲಿ ಗಾದೆ ಇದೆ ಟೀಚರ್.”

“ನಿಮ್ಮಲ್ಲಿ ಇರಬಹುದು. ನಮ್ಮಲ್ಲಿ ಗೊತ್ತಿದ್ದೂ ಸುಳ್ಳು ಹೇಳಿ ಮದುವೆ ಮಾಡಿಸೋದು ಕುರುಡನ ಕಾಲಿಗೆ ಕಲ್ಲು ಅಡ್ಡ ಇಟ್ಟ ಪಾಪ. ಹಾಗಂತ ಇರೋದು ಹೇಳಿದ್ರೆ ನನ್ನ ನಂಬಿ ಬಂದೋರಿಗೆ ದ್ರೋಹ. ಅದಕ್ಕೇ ಏನೂ ಹೇಳಲ್ಲ ಅಂದೆ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಮಕ್ಕಳಿಗೆ ಹೇಳಿಕೊಟ್ಟೋಳು ನಾನು.”

ಕರಡು ಎರಡು. ಒಂದು ಕ್ಷಣವೂ ತಡೆಯದೆ, ರೈಲ್ವೆ ಅನೌನ್ಸ್‌ಮೆಂಟಿನ ದನಿಯಲ್ಲಿ ಬ್ಲೂಮಾ, “ನಾನು ಯಾರ ಮನೆ ಬಗ್ಗೆಯೂ ಹೇಳೋದಿಲ್ಲ, ಅದು ನನ್ನ ನಿಯಮ,” ಎನ್ನುತ್ತಾಳೆ. ಎಷ್ಟು ಚೆನ್ನಾಗಿದೆ. ಟೋಯ್ಬಾ ಏನೆಂದು ಉತ್ತರ ಕೊಡಬೇಕೆಂದು ನಾನು ಯೋಚಿಸುವಷ್ಟರಲ್ಲಿ ಅವಳೇ ಕೊಟ್ಟಳು, ನನ್ನನ್ನು ಕೇಳದೆ:

“ಹೌದಾ ಟೀಚರ್? ಹೋದ ಬೇಸಗೇಲಿ ನಮ್ಮ ನಾದಿನಿ ಫೋನ್ ಮಾಡಿದಾಗ ಆ ಪಾಗಿ ಅನ್ನೋ ಮನೆಯವರ ಬಗ್ಗೆ ಅರ್ಧ ಗಂಟೆ ಹೊಗಳಿದ್ರಂತೆ. ಅಜ್ಜಿ ಮಾಡೋ ಸೂಪಿನವರೆಗೂ.”

ಬ್ಲೂಮಾ ನನ್ನ ಕೈಯಿಂದ ಕಾಗದ ಕಿತ್ತುಕೊಂಡಳು. ಹರಿಯಲಿಲ್ಲ, ಮಡಿಲಲ್ಲಿಟ್ಟುಕೊಂಡು ಕುಳಿತಳು.

ಸಂಗತಿ ಹೀಗಿತ್ತು. ಬ್ಲೂಮಾ ಒಳ್ಳೆಯವಳು. ವರ್ಷಗಳಿಂದ ಯಾರು ಫೋನು ಮಾಡಿ ಯಾವ ಮನೆಯ ಬಗ್ಗೆ ಕೇಳಿದರೂ ಬಾಯಿ ತುಂಬ ಹೊಗಳಿದವಳು. ಬಡವರ ಹುಡುಗಿಯರು, ಕಪ್ಪಗಿದ್ದ ಹುಡುಗಿಯರು, ಅಪ್ಪನಿಲ್ಲದ ಹುಡುಗಿಯರು, ಎಷ್ಟೋ ಮದುವೆಗಳು ಅವಳ ಆ ಹೊಗಳಿಕೆಯಿಂದ ಕೂಡಿದ್ದವು. ಬ್ಲೂಮಾ ಟೀಚರ್ ಒಂದು ಮಾತು ಹೇಳಿದರೆ ಸಾಕು ಎಂದು ಊರು ನಂಬಿತ್ತು. ತನ್ನ ಹತ್ತಿರ ಮೆಟ್ಟಿಲೇರಿ ಬರುವ ಮನೆಗಳ ಬಗ್ಗೆ ಮಾತ್ರ ಅವಳು ಬಾಯಿ ಬಿಡುತ್ತಿರಲಿಲ್ಲ, ವೃತ್ತಿಯ ಧರ್ಮ. ಉಳಿದವರನ್ನೆಲ್ಲ ಹೊಗಳಿ, ಇವರ ಬಗ್ಗೆ ಸುಮ್ಮನಿದ್ದರೆ, ಆ ಸುಮ್ಮನಿರುವುದೇ ಊರಿಗೆ ಟಾಂಟಾಂ. ಒಂದು ಕ್ಷಣವನ್ನು ಅಳಿಸಿದರೂ ಅಷ್ಟೇ, ಇಟ್ಟರೂ ಅಷ್ಟೇ. ಬೋರ್ಡಿಲ್ಲದ ಬಾಗಿಲು, ಜೋರಾಗಿ ಹಾಕಿದ ರೇಡಿಯೋ, ಎಲ್ಲ ಮಾಡಿದ್ದಳು. ತನ್ನ ಒಳ್ಳೆಯತನಕ್ಕೆ ಮಾತ್ರ ಪರದೆ ಹಾಕಿರಲಿಲ್ಲ.

“ಹಾಗಾದ್ರೆ ನನ್ನ ಹತ್ತಿರ ಬಂದ ಎಷ್ಟು ಮನೆ…” ಎಂದವಳು ನನ್ನ ಪೆನ್ನು ತೆಗೆದುಕೊಂಡು ಕಾಗದದ ಬೆನ್ನಿಗೆ ಒಂದೊಂದೇ ಗೀಟು ಎಳೆಯತೊಡಗಿದಳು.

೫

ಈ ನಡುವೆ ಗಿಟೆಲ್ ನನ್ನನ್ನು ತರಕಾರಿ ಅಂಗಡಿಯಲ್ಲಿ ಹಿಡಿದಳು.

“ನಮ್ಮನೆ ವಿಷಯ ಬರೀತಿದ್ದೀರಂತೆ.”

“ಹೆಸರು ಬದಲಾಯಿಸಿದ್ದೀನಿ ಗಿಟೆಲ್.”

“ಈಗ ನೀವು ಗಿಟೆಲ್ ಅಂತ ಕರೆದಿರಿ, ನಾನು ತಿರುಗಿ ನೋಡಿದೆ. ಏನು ಬದಲಾಯಿಸಿದಿರಿ?”

“ಕನ್ನಡದಲ್ಲಿ ಬರೀತಿರೋದು. ಈ ಊರಲ್ಲಿ ಓದೋಕೆ ಬರೋರು ಯಾರಿದ್ದಾರೆ ಹೇಳಿ.”

ಗಿಟೆಲ್ ಒಂದು ಸೌತೆಕಾಯಿ ಆರಿಸಿ, ಮೂಸಿ, ವಾಪಸು ಇಟ್ಟಳು. “ಟೋಯ್ಬಾಗೂ ಯಾರೂ ಏನೂ ಹೇಳಿರಲಿಲ್ಲ,” ಎಂದಳು.

ಹುಡುಗನ ಕಡೆಯವರು ಬೇಡವೆಂದದ್ದು ಆ ಬೆಳಿಗ್ಗೆಯಷ್ಟೇ ಅವಳಿಗೆ ತಿಳಿದಿತ್ತು. ಮದುವೆ ದಲ್ಲಾಳಿ ಕಾರಣ ಹೇಳಲಿಲ್ಲವಂತೆ, “ಇನ್ನೂ ಒಳ್ಳೇ ಕಡೆ ಸಿಗುತ್ತೆ,” ಎಂದನಂತೆ. ಈ ಊರಿನಲ್ಲಿ ಆ ಮಾತು ಕೇಳಿದವರು ಕೂತುಬಿಡುತ್ತಾರೆ. ಗಿಟೆಲ್ ಮಾತ್ರ ನಿಂತೇ ಇದ್ದಳು, ತರಕಾರಿ ಆರಿಸುತ್ತ, ಒಂದನ್ನೂ ಬುಟ್ಟಿಗೆ ಹಾಕದೆ.

೬

ಅಂತ್ಯಗಳು ಬೇಕೆಂದು ನೀವು ಕೇಳುತ್ತೀರಿ, ಗೊತ್ತು. ಕೆಲವು ಇಲ್ಲಿವೆ.

ಕ) ಟೋಯ್ಬಾ ಒಂದು ದಿನ ಕೆನ್ನೆಗೆ ಕೈ ಹಿಡಿದು ಅದೇ ಮೆಟ್ಟಿಲು ಹತ್ತುತ್ತಾಳೆ. ಅವಳ ಮನೆಯಲ್ಲೂ ಒಂದು ಹಿಂದಿನ ಕೋಣೆ. ಇಳಿಯುತ್ತಿರುವ ಗಿಟೆಲ್ ಅವಳನ್ನು ನೋಡುತ್ತಾಳೆ, ಇಬ್ಬರೂ ಕೈ ಕೆಳಗಿಳಿಸುತ್ತಾರೆ. ಬರೆದು ಮುಗಿಸಿ ನನಗೇ ಕಣ್ಣು ತುಂಬಿತು. ಬ್ಲೂಮಾ ಓದಿ, “ನಿಮ್ಮ ಕಣ್ಣು ತುಂಬಿಸೋಕೆ ಪೆರ್ಲ್ ಮದುವೆ ನಿಂತದ್ದಾ?” ಎಂದಳು. ತೆಗೆದೆ.

ಖ) ಬ್ಲೂಮಾ ಇಂದಿನಿಂದ ಯಾರನ್ನೂ ಹೊಗಳುವುದಿಲ್ಲ. ಊರಿಗೆಲ್ಲ ಒಂದೇ ಉತ್ತರ. ನ್ಯಾಯವಾದದ್ದು. ಆದರೆ ಮೊದಲ ವರ್ಷ ಅವಳ ಮೌನಕ್ಕೆ ಎಷ್ಟು ಬಡ ಹುಡುಗಿಯರು ಸಿಕ್ಕಿಕೊಳ್ಳುತ್ತಾರೆಂದು ಲೆಕ್ಕ ಹಾಕಲು ಹೋಗಿ ಪೆನ್ನು ಕೆಳಗಿಟ್ಟೆ.

ಗ) ಆ ಹುಡುಗ, ಲಾಬಿಯಲ್ಲಿ ನಕ್ಕವನು, ಅಮ್ಮನ ಮಾತು ಮೀರಿ ಬರುತ್ತಾನೆ. (ಇದನ್ನು ಪೆರ್ಲಳಿಗೆ ತೋರಿಸಿದೆ. “ಅವನು ಬರಲ್ಲ. ಸೋಡಾ ಬಾಟಲಿ ತೆಗೆಯೋಕೂ ಅಮ್ಮನಿಗೆ ಫೋನ್ ಮಾಡೋ ಥರದವನು. ಅದಕ್ಕೇ ಇಷ್ಟ ಆಗಿದ್ದ,” ಎಂದಳು. ನಗುತ್ತಲೇ ಅಂದಳು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.)

ಇವು ಯಾವುವೂ ಅಲ್ಲ. ನಡೆದದ್ದು ಏಳನೆಯದರಲ್ಲಿದೆ, ಅದನ್ನು ಬರೆಯದಿರಲು ಇಷ್ಟೆಲ್ಲ ಆಟ ಕಟ್ಟಿದೆ.

೭

ಆ ವಾರ ವೈಸ್‌ಫಿಶ್ ಮನೆಯ ನಾಲ್ವರೂ ಬಂದರು. ಗಿಟೆಲ್ ಕೈ ಬೀಸಿಕೊಂಡು ಮೆಟ್ಟಿಲು ಹತ್ತಿದಳು, ಕೆನ್ನೆ ಮುಟ್ಟಲಿಲ್ಲ. ಇನ್ನು ಮುಚ್ಚಿಡಲು ಏನಿದೆ? ಝಲ್ಮನ್ ಎಂದಿನಂತೆ ಕಿಟಕಿಯ ಹತ್ತಿರ, ಪರಸ್ತ್ರೀಯ ಮುಖ ನೋಡದ ಹಾಗೆ ಕುಳಿತ. ಆಶೆರ್ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಪೆರ್ಲ್ ನಡುವೆ.

“ನೀವು ಬಾಯಿ ಬಿಟ್ಟಿದ್ರೆ ಸಾಕಿತ್ತು ಟೀಚರ್,” ಎಂದಳು ಗಿಟೆಲ್. “ಬೇರೆಯವರಿಗೆಲ್ಲ ಬಿಟ್ಟಿದ್ದೀರಲ್ಲ.”

“ಬಿಟ್ಟಿದ್ದೀನಿ ಗಿಟೆಲ್. ಅದೇ ನಾನು ಮಾಡಿದ ಅನ್ಯಾಯ. ನನಗೆ ಹೊಳೆಯಲೇ ಇಲ್ಲ.”

“ಎಂಟನೇ ಕ್ಲಾಸಲ್ಲಿ ಹೇಳಿಕೊಟ್ಟಿದ್ರಿ, ಬೇರೆಯವರ ಬಗ್ಗೆ ಮಾತಾಡಬಾರದು ಅಂತ,” ಎಂದಳು ಪೆರ್ಲ್. “ನೀವು ಮಾತಾಡ್ಲಿಲ್ಲ. ಪಾಸ್ ಆದ್ರಿ ಟೀಚರ್.”

“ಪೆರ್ಲ್,” ಎಂದ ಝಲ್ಮನ್ ಕಿಟಕಿಗೆ.

“ಬಿಡಿ ರೆಬ್ ಝಲ್ಮನ್, ಅವಳು ಹೇಳಲಿ. ಹೇಳಬೇಕು.”

ಆದರೆ ಪೆರ್ಲ್ ಮುಖ ತಿರುಗಿಸಿದಳು. ಅಣ್ಣನ ಕಡೆ ನೋಡಿದಳು, ಕೋಪದಿಂದಲ್ಲ, ದಣಿವಿನಿಂದ. ಆ ನೋಟ ಬ್ಲೂಮಾಳಿಗೆ ಕೋಪಕ್ಕಿಂತ ಹೆದರಿಕೆ ತಂದಿತು. ಒಂದು ಶುಕ್ರವಾರ ಮೀನು ಬಡಿಸಿದ ಹುಡುಗಿ ಇವಳೇ. ಇಷ್ಟು ತಿಂಗಳು ಕಟ್ಟಿದ್ದು ಎದುರಿಗೇ ಕುಸಿಯುತ್ತಿದೆ, ತನ್ನ ಕೈಯಲ್ಲಿ ಒಂದು ಇಟ್ಟಿಗೆಯೂ ಇಲ್ಲ ಎನ್ನಿಸಿ ಬ್ಲೂಮಾಳಿಗೆ ಎದ್ದು ಓಡಬೇಕೆನ್ನಿಸಿತು. ಏನು ಹೇಳಿದರೂ ತಡವಾಗಿತ್ತು. ಕ್ಷಮೆ ಕೇಳಿದರೆ ಗಿಟೆಲಳಿಗೆ ಅಳಿಯ ಸಿಗುವುದಿಲ್ಲ.

ಆಶೆರ್ ಬಾಗಿಲ ಪಕ್ಕದಿಂದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

“ಒಂದು ಪ್ರಶ್ನೆ ಇದೆ,” ಎಂದ. ದನಿ ಸ್ಪಷ್ಟವಾಗಿತ್ತು. “ಟೀಚರ್, ಹುಡುಗಿಯ ಅಣ್ಣ ತೀರಿಹೋಗಿದ್ರೆ, ಅವನ ಬಗ್ಗೆಯೂ ವಿಚಾರಿಸ್ತಾರಾ?”

ಒಂದೇ ಸಲ ಕೇಳಿದ. ಎರಡನೇ ಸಲ ಕೇಳಲಿಲ್ಲ.

ಈಗ ನೋಡಿ, ನನಗೆ ಸಮಯವಿಲ್ಲ. ಉತ್ತರ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಸತ್ತ ಅಣ್ಣನ ಬಗ್ಗೆ ಯಾರೂ ವಿಚಾರಿಸುವುದಿಲ್ಲ, ಅಯ್ಯೋ ಪಾಪ ಎನ್ನುತ್ತಾರೆ, ಮದುವೆ ಮಾಡಿಕೊಳ್ಳುತ್ತಾರೆ. ಬ್ಲೂಮಾಳಿಗೆ ಗೊತ್ತು, ಗಿಟೆಲಳಿಗೆ ಗೊತ್ತು, ಕೇಳಿದವನಿಗೂ ಗೊತ್ತು. ಇಲ್ಲ ಎಂದರೆ ಅವನು ತಂಗಿಗೆ ದಾರಿ ಬಿಡಲು ಎದ್ದು ಹೋಗುತ್ತಾನೆ. ಹೌದು ಎಂದರೆ ಸುಳ್ಳೆಂದು ತಿಳಿದು ಎದ್ದು ಹೋಗುತ್ತಾನೆ. ಹಾಗೆಲ್ಲ ಯೋಚಿಸಬಾರದಪ್ಪ ಎನ್ನಬಹುದು, ಟೆಲ್ ಅವೀವಿನ ಡಾಕ್ಟರೂ ಅಂಥದ್ದೇ ಒಂದು ಒಳ್ಳೆಯ ಮಾತು ಹೇಳಿದ್ದ. ಇದರ ಪಾಪ ನನ್ನ ತಲೆಗಿರಲಿ ಎನ್ನಲು ರಬ್ಬಿ ಇಲ್ಲಿಲ್ಲ. ಇಲ್ಲಿ ಪೂರ್ಣವಿರಾಮ ಇಟ್ಟು ಕೆಳಗೆ ಬಿಳಿ ಜಾಗ ಬಿಡುವುದು ನನ್ನ ಕಸುಬು, ಇಂಥ ಕಥೆಗಳು ಹಾಗೇ ನಿಲ್ಲುತ್ತವೆ, ನೀವೂ ಮೆಚ್ಚುತ್ತೀರಿ. ಬಿಡಲಾರೆ. ಬ್ಲೂಮಾ ಏನೂ ಹೇಳದ ಆ ಬಿಳಿ ಜಾಗವನ್ನು ಈ ಹುಡುಗ ಉತ್ತರವೆಂದು ಓದಿಕೊಳ್ಳುತ್ತಾನೆ, ಆದ್ದರಿಂದ ನಾನು ನಿಲ್ಲಿಸದೆ ಬರೆಯುತ್ತಿದ್ದೇನೆ, ಮೇಲಿನ ಮಹಡಿಯಲ್ಲಿ ಡಾಕ್ಟರ ಡ್ರಿಲ್ಲು ಗುಂಯ್ ಎನ್ನುತ್ತಿದೆ ಎಂದು ಬರೆಯುತ್ತಿದ್ದೇನೆ, ಝಲ್ಮನ್ ಕಿಟಕಿ ಬಿಟ್ಟು ಇತ್ತ ತಿರುಗಿದ, ಮೊದಲ ಬಾರಿಗೆ ಬ್ಲೂಮಾಳ ಮುಖವನ್ನೇ ನೋಡುತ್ತಿದ್ದಾನೆ ಎಂದು ಬರೆಯುತ್ತಿದ್ದೇನೆ, ಪೆರ್ಲ್ ಅಣ್ಣನ ತೋಳು ಹಿಡಿದಳು, ಬ್ಲೂಮಾಳ ಬಾಯಿ ತೆರೆದಿದೆ, ಅದಕ್ಕೆ ಹಾಕಲು ನನ್ನಲ್ಲಿ ಮಾತಿಲ್ಲ, ಇರುವ ಕನ್ನಡವನ್ನೆಲ್ಲ ಹುಡುಕಿದೆ, ನಿಮ್ಮಲ್ಲಿದ್ದರೆ ಕೊಡಿ, ಸರಿಯೋ ತಪ್ಪೋ ಆಮೇಲೆ ನೋಡಿಕೊಳ್ಳೋಣ, ಈಗ ಕೊಡಿ, ಅವನ ಹೆಸರು ಹಿಡಿದು ಕರೆದರೂ ಸಾಕು, ಜೋರಾಗಿ ಕರೆಯಿರಿ, ಅವನು ಕುರ್ಚಿಯಿಂದ ಏಳುತ್ತಿದ್ದಾನೆ,